ಹಿಮವಂತದ ಕಂಬ, ಪಾನುಂಗಲ್ಲಿನ ಗುಡಿ

ಪಾನುಂಗಲ್ಲು (ಇಂದಿನ ಹಾನಗಲ್ಲು) ಐನೂರನ್ನು ಆಳಿದ ಕದಂಬರ ಶಾಸನಗಳಲ್ಲಿ ಬಿರುದಾವಳಿ ಉದ್ದವಾಗಿ ಸಾಗುತ್ತದೆ. ಅದರಲ್ಲಿ ಒಂದು ವರ್ಣನೆ ಮತ್ತೆ ಮತ್ತೆ ಬರುತ್ತದೆ. ಇವರ ಮೂಲಪುರುಷ ಮಯೂರವರ್ಮ ಹದಿನೆಂಟು ಅಶ್ವಮೇಧ ಮಾಡಿದನಂತೆ, ಹಿಮವತ್ಪರ್ವತದ ಶಿಖರಗಳ ಮೇಲೆ ಸ್ಫಟಿಕಶಿಲೆಯ ಕಂಬಗಳನ್ನು ನೆಡಿಸಿ ಅವಕ್ಕೆ ಮದಗಜಗಳನ್ನು ಕಟ್ಟಿದನಂತೆ. ಅವನನ್ನೇ ಮಯೂರಶರ್ಮನೆಂದು ಕರೆಯುವ ತಾಳಗುಂದದ ಕಂಬಶಾಸನ ಹೇಳುವ ಕಥೆಯೇ ಬೇರೆ. ಅವನು ಓದಲು ಕಂಚಿಗೆ ಹೋದವನು, ಅಲ್ಲಿ ಅವಮಾನಪಟ್ಟು ಕತ್ತಿ ಹಿಡಿದವನು, ಪಲ್ಲವರ ಗಡಿಯಲ್ಲಿ ರಾಜ್ಯ ಕಟ್ಟಿದವನು. ಹಿಮಾಲಯದ ಮಾತು ಅಲ್ಲಿಲ್ಲ. ಏಳೆಂಟು ಶತಮಾನಗಳ ನಂತರ ಹಾನಗಲ್ಲಿನಲ್ಲಿ ಕೂತು ಆಳುತ್ತಿದ್ದ ಸಾಮಂತರಿಗೆ ತಮ್ಮ ವಂಶದ ಎತ್ತರವನ್ನು ಅಳೆಯಲು ಹಿಮವಂತಕ್ಕಿಂತ ಕಡಿಮೆಯದು ಯಾವುದೂ ಸಾಲಲಿಲ್ಲ.

ಹಿಮಾಲಯದ ನೆತ್ತಿಯ ಮೇಲೆ ಕದಂಬರ ಕಂಬ ಯಾರಿಗೂ ಸಿಕ್ಕಿಲ್ಲ. ಅವರ ಕಾಲದ ಕಂಬಗಳು ಇರುವುದು ಹಾನಗಲ್ಲಿನ ತಾರಕೇಶ್ವರನಲ್ಲಿ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರನಲ್ಲಿ, ರಟ್ಟೀಹಳ್ಳಿಯ ಕದಂಬೇಶ್ವರನಲ್ಲಿ, ಅಬ್ಬಲೂರಿನ ಸೋಮೇಶ್ವರನಲ್ಲಿ. ಕೆಲವು ಕನ್ನಡಿಯಂತೆ ಹೊಳೆಯುತ್ತವೆ. ಕೆಲವು ಸುಣ್ಣದಡಿ ಮುಚ್ಚಿಹೋಗಿವೆ. ಇನ್ನು ಕೆಲವು ಗುಡಿಯಿಂದ ಬೇರೆಯಾಗಿ ಹೊಲದ ಬದುವಿಗೋ ಕಟ್ಟೆಯ ಮೆಟ್ಟಿಲಿಗೋ ಸೇರಿವೆ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಈ ಪಳೆಯುಳಿಕೆಗಳ ಬಗ್ಗೆ ಮಾತಾಡುವಾಗ ಹಿಮಾಲಯವನ್ನು ಎದುರಿಗೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಕಾಶ್ಮೀರಕ್ಕೂ ಕನ್ನಡನಾಡಿಗೂ 11ನೇ ಶತಮಾನದಲ್ಲಿ ನಡೆದಾಡುವ ದಾರಿಯಿತ್ತು. ಶ್ರೀನಗರದ ಹತ್ತಿರದ ಖೋನಮುಖದಲ್ಲಿ ಹುಟ್ಟಿದ ಬಿಲ್ಹಣ ಮಥುರೆ, ಕನೌಜು, ಕಾಶಿ, ಸೋಮನಾಥಗಳನ್ನು ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದು ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ, ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಅದೇ ವಿಕ್ರಮಾದಿತ್ಯ ಇನ್ನೂ ರಾಜಕುಮಾರನಾಗಿ ಗಂಗವಾಡಿಯನ್ನೂ ಬನವಾಸಿ ಹನ್ನೆರಡು ಸಾವಿರವನ್ನೂ ಆಳುತ್ತಿದ್ದುದನ್ನು ಹೇಳುವುದು ಬಂಕಾಪುರದ 1055ರ ಶಾಸನ. ಹಿರೇಕೆರೂರಿನ ದಕ್ಷಿಣಕ್ಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಯತಿಗಳು ತಮ್ಮ ದೇವರಿಗೆ ಕೇದಾರೇಶ್ವರನೆಂದೇ ಹೆಸರಿಟ್ಟಿದ್ದರು. ಇವತ್ತಿಗೂ ಹಿಮಾಲಯದ ಕೇದಾರನಾಥದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮರೇ.

ಹಿಮಾಲಯದ ಗುಡಿಗಳು ಹಾಳಾದ ಬಗೆಯನ್ನು ಎಲ್ಲರೂ ಬಲ್ಲರು. ಭೂಕಂಪ, ಹಿಮ, ನೆರೆ. 2013ರ ಜೂನ್‌ನಲ್ಲಿ ಕೇದಾರದ ಊರು ಕೊಚ್ಚಿಹೋಗಿ ಗುಡಿ ಮಾತ್ರ ನಿಂತದ್ದನ್ನು ದೇಶವೇ ನೋಡಿತು. ಎಂಟನೇ ಶತಮಾನದ ಲಲಿತಾದಿತ್ಯ ಕಟ್ಟಿಸಿದ ಮಾರ್ತಾಂಡ ಇಂದು ಸೂರಿಲ್ಲದ ಗೋಡೆಗಳ ಅಂಗಳ. ಮಣ್ಣಿನಲ್ಲಿ ಹುದುಗಿದ್ದ ಅವಂತಿಪುರದ ಗುಡಿಗಳ ಅಂಗಳವನ್ನು 20ನೇ ಶತಮಾನದ ಆರಂಭದಲ್ಲಿ ದಯಾರಾಮ್ ಸಾಹ್ನಿ ಅಗೆಸಿ ತೆರೆದರು. ಹಾವೇರಿ ಜಿಲ್ಲೆಯಲ್ಲಿ ಅಂಥ ಹಿಮಪಾತವಿಲ್ಲ, ನೆಲ ಹಾಗೆ ನಡುಗಿದ್ದಿಲ್ಲ. ದಂಡಯಾತ್ರೆಗಳು ಇಲ್ಲಿ ನಡೆದವು, ಹೊಡೆತಗಳು ಬಿದ್ದವು. ಆದರೂ ಇಲ್ಲಿನ ಬಹುಪಾಲು ಗುಡಿಗಳನ್ನು ಕೆಡಿಸಿದ್ದು ಬೇರೆಯೇ ಒಂದು ಸಂಗತಿ. ಅವುಗಳ ದತ್ತಿ ನಿಂತುಹೋಯಿತು. ಗುಡಿಯನ್ನು ಕಟ್ಟಿದ ಕೈಗಳೇ ಅದರ ದುರಸ್ತಿಗೂ ಒಂದು ಏರ್ಪಾಡು ಮಾಡಿ, ಅದನ್ನು ಕಲ್ಲಿನಲ್ಲಿ ಬರೆಸಿಟ್ಟಿದ್ದವು. ಆ ಏರ್ಪಾಡು ಕಳಚಿತು, ಗುಡಿ ಪಾಳುಬಿತ್ತು. ದತ್ತಿಯ ಹೆಸರಿನಲ್ಲಿ ನಡೆಯುವ ಈ ಉಪನ್ಯಾಸದ ಮುಖ್ಯ ಮಾತು ಇದು.

ಮೊದಲು ಹಾನಗಲ್ಲಿನ ತಾರಕೇಶ್ವರಕ್ಕೆ ಹೋಗಬೇಕು. ಪೂರ್ವದಲ್ಲಿ ನಂದಿಮಂಟಪ, ಅದರ ಎದುರಿಗೆ ವಿಶಾಲವಾದ ತೆರೆದ ಮಂಟಪ, ಒಳಗೆ ಮುಚ್ಚಿದ ನವರಂಗ, ಅದರಾಚೆ ಗರ್ಭಗುಡಿ. ಬಿಸಿಲಿನಿಂದ ಒಳಗೆ ಹೆಜ್ಜೆ ಇಟ್ಟವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ತಲೆ ಎತ್ತಿದರೆ ದೊಡ್ಡ ಮಂಟಪದ ನಡುವೆ ಎಂಟು ಮೂಲೆಯ ಚೌಕಟ್ಟಿನೊಳಗೆ ಕಲ್ಲಿನ ಕಮಲ ಕೆಳಮುಖವಾಗಿ ತೂಗುತ್ತಿರುತ್ತದೆ. ಕನ್ನಡನಾಡಿನ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತಿದ ಚಾವಣಿಗಳಲ್ಲಿ, ಇದಕ್ಕೆ ಸಮನಾದವು ಬೆರಳೆಣಿಕೆಯಷ್ಟು.

ಆ ಕಮಲ ಬೀಳದೆ ನಿಂತಿರುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಕಮಾನಿಲ್ಲ. ಕಂಬಗಳ ಮೇಲೆ ತೊಲೆ ಇಟ್ಟು, ಮೂಲೆಗಳಿಗೆ ಅಡ್ಡಲಾಗಿ ಕಲ್ಲು ಹಾಯಿಸಿ, ಚೌಕವನ್ನು ಎಂಟು ಮೂಲೆಗೆ ತಿರುಗಿಸಿದ್ದಾರೆ. ಆಮೇಲೆ ಸುತ್ತಿನ ಮೇಲೆ ಸುತ್ತು. ಪ್ರತಿ ಸುತ್ತಿನ ಕಲ್ಲೂ ಕೆಳಗಿನದಕ್ಕಿಂತ ಒಂದಿಷ್ಟು ಒಳಗೆ ಚಾಚುತ್ತದೆ, ಹಿಂಬದಿಯ ಭಾರ ಅದನ್ನು ಒತ್ತಿ ಹಿಡಿಯುತ್ತದೆ. ತೆರಪು ಕಿರಿದಾಗುತ್ತಾ ಬಂದು ಕೊನೆಗೆ ನಡುವಿನ ಕಲ್ಲಿನಿಂದ ಮುಚ್ಚುತ್ತದೆ. ಚಾಚಿದ ಕಲ್ಲಿನ ಅಂಚುಗಳನ್ನೇ ಎಸಳುಗಳಾಗಿ ಕಡೆದಿದ್ದಾರೆ. ಹೀಗಾಗಿ ಭಾರ ಹೊರುವ ಕಲ್ಲು ಬೇರೆ, ಅಲಂಕಾರದ ಕಲ್ಲು ಬೇರೆ ಎಂಬ ಭೇದವೇ ಇಲ್ಲಿಲ್ಲ. ಶ್ರೀನಗರದ ಬಳಿ, ನೀರಿನ ನಡುವೆ ನಿಂತಿರುವ ಪಾಂಡ್ರೇಥನ್ ಗುಡಿಯ ಸೂರೂ ಇದೇ ಲೆಕ್ಕಾಚಾರದ್ದು. ಅಲ್ಲಿ ಚೌಕದ ಮೇಲೆ ಓರೆಯಾಗಿ ಇನ್ನೊಂದು ಚೌಕ, ಅದರ ಮೇಲೆ ಮತ್ತೊಂದು. ಹಿಮಾಲಯದ ಮಡಿಲಿನಲ್ಲೂ ಧರ್ಮಾ ನದಿಯ ಬಯಲಿನಲ್ಲೂ ಕಲ್ಲುಕುಟಿಗರ ಮುಂದಿದ್ದ ಪ್ರಶ್ನೆ ಒಂದೇ: ಕಮಾನಿಲ್ಲದೆ ಅಗಲವನ್ನು ಹೇಗೆ ಮುಚ್ಚುವುದು? ಹಾನಗಲ್ಲಿನವರು ಕೊಟ್ಟ ಉತ್ತರದ ಅಳತೆ ಹೆಚ್ಚು ದೊಡ್ಡದು ಎಂದು ಅಭಿಮಾನದಿಂದಲೇ ಹೇಳಬಹುದು.

ಕಂಬಗಳ ಹೊಳಪಿಗೆ ಕಾರಣ ಬಳಪದ ಕಲ್ಲು. ಬಾದಾಮಿ, ಐಹೊಳೆಯ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಮೆತ್ತನೆಯ, ಹಸಿರು ಛಾಯೆಯ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿಗೆ ಮೈಯೊಡ್ಡಿದಷ್ಟೂ ಗಟ್ಟಿಯಾಗುತ್ತದೆ. ಇಂಥ ಕಂಬಗಳ ಕಂಠದಲ್ಲಿ, ಹೊಟ್ಟೆಯಲ್ಲಿ ಕಾಣುವ ತೆಳ್ಳನೆಯ ಉಂಗುರಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಓರೆಯಾಗಿಲ್ಲ. ಕಲ್ಲನ್ನು ತಿರುಗಣಿಗೆ ಏರಿಸಿ, ಅದು ತಿರುಗುತ್ತಿರುವಾಗ ಉಳಿ ಹಿಡಿದು ತಿದ್ದಿದ ಕೆಲಸ ಇದು. ಕದಂಬರು ಬಿರುದಿನಲ್ಲಿ ಹೇಳಿಕೊಂಡ ಸ್ಫಟಿಕದ ಕಂಬದ ಹೊಳಪನ್ನು ಅವರ ನಾಡಿನ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ತಂದರು.

ಅದೇ ಆವರಣದ ಚಿಕ್ಕ ಗಣಪತಿ ಗುಡಿಯನ್ನು ಅನೇಕರು ನೋಡದೆ ಹೋಗುತ್ತಾರೆ. ಅದರ ಶಿಖರ ಉತ್ತರದ ನಾಗರ ಮಾದರಿಯದು, ಬಾಗಿ ಮೇಲೇರುವ ರೇಖೆಯದು. ಪಕ್ಕದಲ್ಲೇ ದಕ್ಷಿಣದ ಮಾದರಿಯ ಮುಖ್ಯ ಗುಡಿ. ಒಂದೇ ಅಂಗಳದಲ್ಲಿ ಎರಡೂ ಬಗೆಯನ್ನು ಇಟ್ಟುನೋಡುವ ಧೈರ್ಯ, ಕುತೂಹಲ ಈ ಸೀಮೆಯ ಶಿಲ್ಪಿಗಳಿಗಿತ್ತು.

ಹಾನಗಲ್ಲನ್ನು ಶಾಸನಗಳು ವಿರಾಟನಗರಿ, ವಿರಾಟನ ಕೋಟೆ ಎಂದೂ ಕರೆದಿವೆ. ಪಾಂಡವರ ಅಜ್ಞಾತವಾಸದ ಕಥೆ ಊರಿನ ಬಾಯಲ್ಲಿ ಇನ್ನೂ ಜೀವಂತವಾಗಿದೆ, ಮಣ್ಣಿನ ದಿಬ್ಬವೊಂದು ಕುಂತಿಯ ಹೆಸರು ಹೊತ್ತಿದೆ. ಪುರಾಣವನ್ನು ಪುರಾತತ್ವದ ಸಾಕ್ಷಿಯಾಗಿ ಹಿಡಿಯಲಾಗದು. ಆದರೆ ಜನ ಒಂದು ದಿಬ್ಬಕ್ಕೆ ಹೆಸರಿಟ್ಟು ಕಥೆ ಕಟ್ಟಿ ಉಳಿಸಿಕೊಂಡದ್ದರಿಂದಲೇ ಅದನ್ನು ಯಾರೂ ಸಮ ಮಾಡಿಬಿಡಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ.

ಹಾನಗಲ್ಲಿನ ಆನೆಕೆರೆಯ ಕಥೆಗೆ ಮಾತ್ರ ಗಟ್ಟಿ ಆಧಾರವಿದೆ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಇದೇ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಕಾದಾಡಿ ಮಡಿದ, ಆದರೆ ಆ ಸಲ ಬಲ್ಲಾಳನ ದಂಡು ಹಿಂದೆ ಸರಿಯಿತು. ಇದನ್ನು ಹೇಳುವುದು ಹಾನಗಲ್ಲಿನ ವೀರಗಲ್ಲು. ಹೊಯ್ಸಳರ ಪ್ರಶಸ್ತಿಗಳನ್ನಷ್ಟೇ ಓದಿದ್ದರೆ ಈ ಹಿಮ್ಮೆಟ್ಟುವಿಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುತ್ತಿದ ಅರಸನ ಇತಿಹಾಸದ ಎದುರಿಗೆ ಸತ್ತವನ ಊರಿನವರು ತಮ್ಮ ಮಾತನ್ನು ಕಲ್ಲಿನಲ್ಲಿ ನಿಲ್ಲಿಸಿದ್ದಾರೆ.

ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಪಟ್ಟಿಕೆಯಲ್ಲಿ ಯುದ್ಧ: ಬಿಲ್ಲು, ಗುರಾಣಿ, ಕುದುರೆ, ಕಾಲಡಿ ಬಿದ್ದ ಹೆಣ. ನಡುವೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಅದನ್ನು ಪೂಜಿಸುವ ಯತಿ, ಕೈಮುಗಿದು ಕೂತ ವೀರ. ಅದು ಕೈಲಾಸ. ಹಿಮಾಲಯವನ್ನು ಎಂದೂ ನೋಡದ ಶಿಲ್ಪಿ, ಎಂದೂ ನೋಡದ ರೈತನಿಗಾಗಿ, ಗೇಣುದ್ದದ ಪಟ್ಟಿಕೆಯಲ್ಲಿ ಹಿಮಾಲಯವನ್ನು ಕೆತ್ತಿಕೊಟ್ಟ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಹನುಮಪ್ಪನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಊರ ಅಗಸಿಯ ಬದಿಗೆ ನಿಂತಿವೆ, ಒರಗಿವೆ, ಬೋರಲು ಬಿದ್ದಿವೆ.

ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಕೈಲಾಸ ಇನ್ನೂ ದೊಡ್ಡ ಪಾತ್ರ ವಹಿಸುತ್ತದೆ. ಅಲ್ಲಿನ ಸೋಮೇಶ್ವರ ಗುಡಿಯ ದೀರ್ಘ ಶಾಸನ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುತ್ತದೆ. ಶಾಸನತಜ್ಞ ಫ್ಲೀಟ್ ಅದನ್ನು 19ನೇ ಶತಮಾನದ ಕೊನೆಯಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಕಥೆ ಆರಂಭವಾಗುವುದೇ ಕೈಲಾಸದ ಒಡ್ಡೋಲಗದಲ್ಲಿ. ಅಲ್ಲಿ ನಾರದ ಬಂದು ಭೂಲೋಕದಲ್ಲಿ ಶಿವಸಮಯ ಕುಂದುತ್ತಿದೆ ಎಂದು ದೂರುತ್ತಾನೆ, ಶಿವ ವೀರಭದ್ರನಿಗೆ ಅಪ್ಪಣೆ ಕೊಡುತ್ತಾನೆ. ಮುಂದೆ ಕಥೆ ಆಲಂದೆಗೆ ಇಳಿಯುತ್ತದೆ. ಅಲ್ಲಿ ಹುಟ್ಟಿದ ರಾಮಯ್ಯ ಪುಲಿಗೆರೆಯ ಸೋಮನಾಥನ ಸನ್ನಿಧಿಗೆ ಬಂದು, ಅಲ್ಲಿಂದ ಅಬ್ಬಲೂರು ಸೇರುತ್ತಾನೆ. ಊರಿನ ಜೈನರ ಮುಂದಾಳು ಸಂಕಗಾವುಂಡನೊಡನೆ ವಾದ ನಡೆಯುತ್ತದೆ, ಓಲೆ ಬರೆದು ಪಣ ಕಟ್ಟುತ್ತಾರೆ. ರಾಮಯ್ಯ ತನ್ನ ತಲೆಯನ್ನು ಅರಿದು ಶಿವನಿಗೆ ಅರ್ಪಿಸುತ್ತಾನೆ. ಏಳು ದಿನಗಳ ನಂತರ ತಲೆ ಮತ್ತೆ ಕೂಡಿಕೊಳ್ಳುತ್ತದೆ. ಪಣದ ಮಾತನ್ನು ಜೈನರು ನಡೆಸಿಕೊಡದಿದ್ದಾಗ ರಾಮಯ್ಯ ಬಸದಿಯ ಜಿನಬಿಂಬವನ್ನು ಒಡೆಯುತ್ತಾನೆ. ದೂರು ದೊರೆ ಬಿಜ್ಜಳನವರೆಗೆ ಹೋಗುತ್ತದೆ. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಆಮೇಲೆ ಚಾಲುಕ್ಯ ನಾಲ್ಕನೇ ಸೋಮೇಶ್ವರನಿಂದಲೂ ಹಾನಗಲ್ಲಿನ ಕಾಮದೇವನಿಂದಲೂ ದೇವರಿಗೆ ದತ್ತಿಗಳು ಬರುತ್ತವೆ.

ಅಬ್ಬಲೂರಿನಲ್ಲಿ ಈ ಕಥೆಗೆ ಶಿಲ್ಪವೂ ಇದೆ. ಕಲ್ಲಿನ ಮೇಲೆ ಪ್ರಸಂಗಗಳನ್ನು ಕೆತ್ತಿ, ಕೆಲವಕ್ಕೆ ಇದು ಇಂಥ ಘಟನೆ ಎಂದು ಒಂದೆರಡು ಸಾಲಿನ ಅಕ್ಷರವನ್ನೂ ಕೊರೆದಿದ್ದಾರೆ. ನಡೆದದ್ದೆಂದು ತಾವು ನಂಬಿದ ಸಂಗತಿಯನ್ನು, ಅದು ನಡೆದ ಊರಿನಲ್ಲೇ, ಚಿತ್ರ ಮತ್ತು ಬರಹ ಎರಡರಲ್ಲೂ ದಾಖಲಿಸಿದ ಇಂಥ ಉದಾಹರಣೆ ಕನ್ನಡನಾಡಿನಲ್ಲಿ ಅಪರೂಪ.

ಇದನ್ನು ಓದುವಾಗ ಎಚ್ಚರ ಬೇಕು. ಇದು ಗೆದ್ದ ಮತದವರು ಬರೆಸಿದ ಕಲ್ಲು. ಬಸದಿಯನ್ನು ಕಳೆದುಕೊಂಡವರ ಮಾತು ಅಲ್ಲಿಲ್ಲ. ಅದನ್ನು ಕೇಳಬೇಕಾದರೆ ಇದೇ ಸೀಮೆಯ ಬೇರೆ ಊರುಗಳಿಗೆ ಹೋಗಬೇಕು. ಹಾನಗಲ್ಲು ತಾಲ್ಲೂಕಿನ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ, ಅಂದರೆ ಎಂಟನೇ ಶತಮಾನದ ನಡುಭಾಗದ ಶಾಸನವಿದೆ. ಅದು ಜಿನಾಲಯಕ್ಕೆ ಬಿಟ್ಟ ದತ್ತಿಯ ಶಾಸನ. ಅಬ್ಬಲೂರಿನ ಪಣಕ್ಕಿಂತ ನಾಲ್ಕು ಶತಮಾನ ಮೊದಲೇ ಈ ನೆಲದಲ್ಲಿ ಜೈನರು ಬೇರೂರಿದ್ದರು. ಒಂದು ಕಲ್ಲನ್ನು ಇನ್ನೊಂದರ ಪಕ್ಕಕ್ಕಿಟ್ಟು ಓದದೆ ಈ ಸೀಮೆಯ ಚರಿತ್ರೆಯನ್ನು ಹೇಳಹೊರಟವರು ಅರ್ಧ ಮಾತ್ರ ಹೇಳುತ್ತಾರೆ.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಆ ಇನ್ನೊಂದು ಅರ್ಧದ ರಾಜಧಾನಿ. ರಾಷ್ಟ್ರಕೂಟ ಅಮೋಘವರ್ಷನ ನೆಚ್ಚಿನ ಸಾಮಂತ ಬಂಕೇಯನ ಹೆಸರನ್ನು ಊರು ಹೊತ್ತಿದೆ. ಬಂಕೇಯನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ‘ಉತ್ತರಪುರಾಣ’ಕ್ಕೆ ಈ ಊರಿನಲ್ಲಿ ಪೂಜೆ ಸಂದಿತು. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಇಲ್ಲಿದ್ದರು. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುವಾಗಿದ್ದವರು ಅವರೇ. ಗಂಗ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟದ್ದು ಇಲ್ಲಿಯೇ. ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ಬೆರಗಾಗುತ್ತಾರೆ. ಆ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ಗುರುವಿನ ಊರು ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಬಂಕಾಪುರದ ಕೋಟೆಯೊಳಗೆ ಇಂದು ಖಿಲಾರಿ ದನಗಳ ತಳಿ ಕೇಂದ್ರವಿದೆ, ನವಿಲುಧಾಮವಿದೆ. ಹುಲ್ಲುಗಾವಲಿನ ನಡುವೆ ತಗ್ಗಿನಲ್ಲಿ ನಗರೇಶ್ವರ ಗುಡಿ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಸುತ್ತಲಿನ ನೆಲಕ್ಕಿಂತ ಗುಡಿಯ ಮಟ್ಟ ಕೆಳಗಿರುವುದರಿಂದ ಹತ್ತಿರ ಹೋಗುವ ತನಕ ಅದರ ಪೂರ್ಣ ರೂಪ ಕಾಣುವುದಿಲ್ಲ. ಮೆಟ್ಟಿಲಿಳಿದು ಮಂಟಪಕ್ಕೆ ಬಂದರೆ ಕಡೆದ ಕಂಬಗಳು ಸಾಲುಗಟ್ಟಿ ನಿಂತಿವೆ, ಹೊರಗಿನಿಂದ ಬರುವ ಬೆಳಕು ಒಂದೊಂದರ ಮೈಯನ್ನು ಹಿಡಿದು ಇನ್ನೊಂದಕ್ಕೆ ದಾಟಿಸುತ್ತದೆ. 16ನೇ ಶತಮಾನದಲ್ಲಿ ಬಿಜಾಪುರದ ಅಲಿ ಆದಿಲ್‌ ಶಾಹ ಬಂಕಾಪುರವನ್ನು ಗೆದ್ದ, ಗುಡಿಗಳಿಗೆ ಪೆಟ್ಟು ಬಿತ್ತು. ಆಮೇಲೆ ಈ ಭಾಗ ಸವಣೂರಿನ ನವಾಬರ ಕೈಗೆ ಬಂತು. ಇಷ್ಟೆಲ್ಲ ಆದ ಮೇಲೂ ಮಂಟಪ ನಿಂತಿದೆ. ದನ ಮೇಯುವ, ನವಿಲು ಮೊಟ್ಟೆಯಿಡುವ ಈ ಬಯಲಿನಲ್ಲಿ ಮನೆಗಳು ಒತ್ತೊತ್ತಾಗಿ ಎದ್ದಿಲ್ಲ, ಹೀಗಾಗಿ ಕೋಟೆಯೊಳಗಿನ ನೆಲ ಇನ್ನೂ ಬಹುಮಟ್ಟಿಗೆ ಮುಟ್ಟದೆ ಉಳಿದಿದೆ. ಬಂಕೇಯನ ಕಾಲದ ಊರಿನ ತಳಪಾಯ, ಅಜಿತಸೇನರ ಕಾಲದ ಬಸದಿಗಳ ಗುರುತು ಸಿಗಬಹುದಾದರೆ ಸಿಗುವುದು ಇಲ್ಲಿಯೇ. ಶಾಸ್ತ್ರೀಯ ಉತ್ಖನನಕ್ಕೆ ಈ ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕಿಂತ ಯೋಗ್ಯವಾದ ಜಾಗ ಇನ್ನೊಂದಿಲ್ಲ.

ಸವಣೂರು ಎಂದರೆ ಎಲ್ಲರಿಗೂ ನವಾಬರು, ಸತ್ಯಬೋಧ ಸ್ವಾಮಿಗಳ ಮಠ, ವಿ.ಕೃ. ಗೋಕಾಕರು ಮತ್ತು ದೊಡ್ಡಹುಣಸೆ ಕಲ್ಮಠದ ದೈತ್ಯ ಮರಗಳು. ಆಫ್ರಿಕ ಮೂಲದ ಬಾವೊಬಾಬ್ ಜಾತಿಯ ಆ ಮರಗಳಿಗೆ ಊರಿನವರು ದೊಡ್ಡ ಹುಣಸೆ ಎಂದೇ ಹೆಸರಿಟ್ಟಿದ್ದಾರೆ. ಅದೇ ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕನ್ನಡ ಶಾಸನವಿದೆ. ಎಲ್ಲೋರದ ಕೈಲಾಸ ಗುಡಿಯನ್ನು ಮಾಡಿಸಿದವನೆಂದು ಇತಿಹಾಸ ಹೇಳುವುದು ಇದೇ ಕೃಷ್ಣನನ್ನು.

ರಟ್ಟೀಹಳ್ಳಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ, ಮೊದಲು ಹಿರೇಕೆರೂರಿಗೆ ಸೇರಿತ್ತು. ಕುಮುದ್ವತಿಯ ದಂಡೆಯ ಈ ಊರಿನ ಕದಂಬೇಶ್ವರ ತ್ರಿಕೂಟ. ಒಂದೇ ಮಂಟಪಕ್ಕೆ ಮೂರು ದಿಕ್ಕಿನಿಂದ ಮೂರು ಗರ್ಭಗುಡಿಗಳು ತೆರೆದುಕೊಳ್ಳುತ್ತವೆ. 1764ರಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರಾಲಿಯನ್ನು ಸೋಲಿಸಿದ್ದು ಇದೇ ಊರಿನ ಬಯಲಿನಲ್ಲಿ. ಆ ತೋಪುಗಳ ಕಾಲವನ್ನೂ ಗುಡಿ ದಾಟಿ ಬಂದಿದೆ. ಕುಮುದ್ವತಿಯ ಮೇಲ್ದಂಡೆಗೆ ಹೋದರೆ ಮಾಸೂರಿನ ಹತ್ತಿರ ಮದಗದ ಕೆರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಬೃಹತ್ತಾದ ಮಣ್ಣಿನ ಏರಿ ಹಾಕಿ, ಕಲ್ಲು ಹೊದೆಸಿ, ವಿಜಯನಗರದ ಕಾಲದಲ್ಲಿ ನದಿಯನ್ನೇ ಕೆರೆ ಮಾಡಿದರು. ಅಣೆಕಟ್ಟಿನ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಲಾರರು. ಹಾನಗಲ್ಲು ತಾಲ್ಲೂಕಿನ ನರೇಗಲ್ಲಿನ ಸರ್ವೇಶ್ವರ, ತಿಳುವಳ್ಳಿಯ ಶಾಂತೇಶ್ವರ, ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು, ಸಾತೇನಹಳ್ಳಿ, ಬಾಳಂಬೀಡ ಹೀಗೆ ಹೆಸರು ಹೇಳುತ್ತಾ ಹೋದರೆ ಒಂದು ಹೊತ್ತು ಸಾಲದು.

ಈಗ ದತ್ತಿಯ ವಿಷಯ. ಈ ಸೀಮೆಯ ದಾನಶಾಸನಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಕ್ರಮ ಹೆಚ್ಚುಕಡಿಮೆ ಒಂದೇ. ಕಲ್ಲಿನ ನೆತ್ತಿಯಲ್ಲಿ ಲಿಂಗ, ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಕೆಳಗೆ ಚಕ್ರವರ್ತಿ, ಅವನ ಕೈಕೆಳಗಿನ ಸಾಮಂತ, ಆಮೇಲೆ ಊರಿನ ಗಾವುಂಡರು, ಸೆಟ್ಟಿಗಳು. ತಿಥಿ, ವಾರ, ಸಂಕ್ರಮಣ. ದತ್ತಿ ಹಿಡಿದ ಆಚಾರ್ಯನ ಕಾಲು ತೊಳೆದು ಧಾರೆ ಎರೆದ ಮಾತು. ಗದ್ದೆ ಎಷ್ಟು ಮತ್ತರು, ಎಲ್ಲೆ ಎಲ್ಲಿಂದ ಎಲ್ಲಿಗೆ, ಗಾಣದಿಂದ ದೀಪಕ್ಕೆ ಎಷ್ಟು ಎಣ್ಣೆ. ಅದರ ಜೊತೆಗೇ ಬರುವ ಒಂದು ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸಲು ಈ ಭೂಮಿಯ ಉತ್ಪನ್ನದಲ್ಲಿ ಪಾಲು. ಕೆರೆಗೂ ಹಾಗೆಯೇ. ಹೂಳೆತ್ತಲು, ಏರಿ ಗಟ್ಟಿಮಾಡಲು ಬಿತ್ತುವಟ್ಟದ ಗದ್ದೆ. ಕೊನೆಯಲ್ಲಿ ಶಾಪ: ಈ ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ.

ಗುಡಿ, ಕೆರೆ, ಗದ್ದೆ, ಮಠ ಇವೆಲ್ಲ ಒಂದೇ ಲೆಕ್ಕದ ಪುಸ್ತಕದಲ್ಲಿದ್ದವು. ಕೆರೆ ತುಂಬಿದರೆ ಗದ್ದೆ ಬೆಳೆಯಿತು. ಗದ್ದೆ ಬೆಳೆದರೆ ಗುಡಿಯ ಮಾಳಿಗೆಯ ಬಿರುಕಿಗೆ ಗಾರೆ ಬಿತ್ತು. ಕಲ್ಲಿನ ಗುಡಿಗೆ ಮೊದಲ ಶತ್ರು ಮಾಳಿಗೆಯ ಮೇಲೆ ಬೇರು ಬಿಡುವ ಅರಳಿ ಸಸಿ, ಸಂದಿಯಲ್ಲಿ ಇಳಿಯುವ ಮಳೆನೀರು. ವರ್ಷಕ್ಕೊಮ್ಮೆ ಮೇಲೆ ಹತ್ತಿ ಸಸಿ ಕಿತ್ತು ಸಂದಿಗೆ ಗಾರೆ ತುಂಬಿದರೆ ಗುಡಿ ಸಾವಿರ ವರ್ಷ ನಿಲ್ಲುತ್ತದೆ. ಆ ಕೆಲಸ ಒಂದು ತಲೆಮಾರು ನಿಂತರೆ ಬೇರು ತೊಲೆಯನ್ನು ಎತ್ತಿ ಸರಿಸುತ್ತದೆ.

ಕದಂಬರು ಹೋದರು, ಸೇವುಣರು ಹೋದರು, ವಿಜಯನಗರ ಬಿದ್ದಿತು. ಹೊಸ ಅರಸರಿಗೆ ಹಳೆಯ ಕಲ್ಲು ಓದಲು ಬಾರದು. ಅಕ್ಷರದ ರೂಪವೂ ಬದಲಾಗಿ, ಊರಿನವರಿಗೂ ತಮ್ಮ ಶಾಸನ ಅರ್ಥವಾಗದ ಕಾಲ ಬಂತು. ನಿಧಿಯ ಗುಟ್ಟು ಬರೆದ ಕಲ್ಲು ಎಂಬ ನಂಬಿಕೆ ಹುಟ್ಟಿದ್ದು ಆಗಲೇ ಇರಬೇಕು. 1852ರ ಕಾಯಿದೆಯ ಬಲದಿಂದ ಮುಂಬಯಿ ಸರ್ಕಾರದ ಇನಾಮು ಕಮಿಷನ್ನು ದಕ್ಷಿಣ ಮರಾಠಾ ಸೀಮೆಯ ಇನಾಮು ಭೂಮಿಗಳ ಹಕ್ಕನ್ನು ವಿಚಾರಣೆ ಮಾಡಿತು. ಪೂಜೆ ನಿಂತುಹೋಗಿದ್ದ ಗುಡಿಗಳ ಪರವಾಗಿ ಕಾಗದ ಹಿಡಿದು ನಿಲ್ಲುವವರು ಯಾರಿದ್ದರು?

ಅದೇ ಆಡಳಿತದ ಕೆಲವು ಅಧಿಕಾರಿಗಳು ಈ ಕಲ್ಲುಗಳಿಗೆ ಮತ್ತೆ ಬಾಯಿ ಕೊಟ್ಟರು ಎಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕಿ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿ 595 ಶಾಸನಗಳ ಸಂಗ್ರಹ ಕಟ್ಟಿದರು. ಹಳಗನ್ನಡ ಲಿಪಿ ಬಲ್ಲ ಸ್ಥಳೀಯ ಪಂಡಿತರ ನೆರವಿಲ್ಲದೆ ಅದು ಆಗುವ ಕೆಲಸವೇ ಆಗಿರಲಿಲ್ಲ. ಫ್ಲೀಟರ ‘ಡೈನಾಸ್ಟೀಸ್ ಆಫ್ ದಿ ಕ್ಯಾನರೀಸ್ ಡಿಸ್ಟ್ರಿಕ್ಟ್ಸ್’ 1882ರಲ್ಲಿ ಬಂತು. ಹೆನ್ರಿ ಕಸಿನ್ಸ್ 1926ರ ತಮ್ಮ ಗ್ರಂಥದಲ್ಲಿ ಹಾನಗಲ್ಲು, ಬಂಕಾಪುರಗಳ ಗುಡಿಗಳನ್ನು ನಕ್ಷೆ, ಛಾಯಾಚಿತ್ರಗಳೊಡನೆ ವಿವರಿಸಿದರು. 1931ರಲ್ಲಿ ಜಾರ್ಜ್ ಮೊರೇಸ್ ‘ದಿ ಕದಂಬ ಕುಲ’ ಬರೆದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದ ಮೇಲೆ ಈ ಕೆಲಸ ಕನ್ನಡದ ಕೈಗೆ ಬಂತು.

ಶಾಸನದ ಪಡಿಯಚ್ಚು ತೆಗೆಯುವುದನ್ನು ಹತ್ತಿರದಿಂದ ನೋಡಿದವರು ಅದನ್ನು ಮರೆಯುವುದಿಲ್ಲ. ಕಲ್ಲನ್ನು ನೀರು ಹಾಕಿ, ಕುಂಚದಿಂದ ಉಜ್ಜಿ ತೊಳೆಯುತ್ತಾರೆ. ನೆನೆಸಿದ ಕಾಗದವನ್ನು ಗುಳ್ಳೆ ಬಾರದಂತೆ ಅಂಟಿಸಿ, ಕುಂಚದಿಂದ ಬಡಿದು ಬಡಿದು ಅಕ್ಷರದ ತಗ್ಗಿಗೆ ಇಳಿಸುತ್ತಾರೆ. ಅರೆ ಒಣಗಿದಾಗ ಮಸಿಯ ಉಂಡೆಯಿಂದ ಹಗುರವಾಗಿ ತಟ್ಟುತ್ತಾ ಹೋದರೆ ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಎಣ್ಣೆ, ಕುಂಕುಮ, ಸುಣ್ಣ ಮೆತ್ತಿದ್ದರೆ ತೊಳೆಯುವುದಕ್ಕೇ ಅರ್ಧ ದಿನ ಬೇಕು. ಎಣ್ಣೆ ಬಣ್ಣ ಬಳಿದಿದ್ದರೆ ಅಕ್ಷರ ಸಿಗುವುದೇ ಅನುಮಾನ.

ಇಂದಿನ ಅಪಾಯ ಇರುವುದು ಇಲ್ಲಿ. ತಾರಕೇಶ್ವರ, ನಗರೇಶ್ವರ, ಕದಂಬೇಶ್ವರದಂಥ ದೊಡ್ಡ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಬೇಲಿ, ಹುಲ್ಲುಹಾಸು, ಕಾವಲುಗಾರರಿದ್ದಾರೆ. 2010ರ ತಿದ್ದುಪಡಿಯಾದ ಕಾಯಿದೆಯಂತೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್‌ಗೆ ಅನುಮತಿ ಬೇಕು. ಓಣಿಯಲ್ಲಿ ತಲೆತಲಾಂತರದಿಂದ ಬಾಳಿದ ಮನೆಯವರಿಗೆ ಇದರಿಂದ ನಿಜವಾದ ತೊಂದರೆಯಿದೆ. ಒಂದು ಕೋಣೆ ಹೆಚ್ಚಿಸಲು ವರ್ಷಗಟ್ಟಲೆ ಅಲೆಯಬೇಕಾದರೆ ಗುಡಿಯ ಮೇಲೆ ಪ್ರೀತಿ ಹೇಗೆ ಉಳಿದೀತು? ಪ್ರತಿ ಸ್ಮಾರಕದ ಸುತ್ತಲಿನ ಪರಿಸ್ಥಿತಿಗೆ ತಕ್ಕ ನಿಯಮಾವಳಿಯನ್ನು ಆ ಊರಿನವರೊಡನೆ ಕೂತು ಬರೆಯಬೇಕು, ಬೇಗ ಬರೆಯಬೇಕು.

ರಕ್ಷಣೆಯ ಪಟ್ಟಿಯಲ್ಲಿಲ್ಲದ ಗುಡಿಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಊರಿನವರ ಭಕ್ತಿಯೇ ಜೀರ್ಣೋದ್ಧಾರಕ್ಕೆ ಇಳಿಯುತ್ತದೆ. ಚಂದಾ ಎತ್ತಿ ಹಳೆಯ ಕಂಬಕ್ಕೆ ಗ್ರಾನೈಟ್ ಹೊದಿಸುತ್ತಾರೆ, ನೆಲಕ್ಕೆ ಟೈಲ್ಸ್ ಹಾಕುತ್ತಾರೆ, ಶಿಖರಕ್ಕೆ ಸಿಮೆಂಟ್ ಮೆತ್ತಿ ಐದು ಬಣ್ಣ ಹಚ್ಚುತ್ತಾರೆ. ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಬಳಪದ ಕಲ್ಲು ಪದರ ಪದರವಾಗಿ ಏಳುತ್ತದೆ. ಇದು ದುಡ್ಡಿಲ್ಲದ ಊರುಗಳ ಕಥೆಯಲ್ಲ, ದುಡ್ಡಿದ್ದೂ ಸರಿಯಾದ ಸಲಹೆ ಸಿಗದ ಊರುಗಳ ಕಥೆ. ಸುಣ್ಣ–ಬೆಲ್ಲದ ಗಾರೆ ಅರೆಯಬಲ್ಲ ಗೌಂಡಿಗಳನ್ನು ತಯಾರು ಮಾಡುವ, ಊರವರು ಕರೆದಾಗ ಬಂದು ನೋಡಿ ಹೇಳುವ ಒಬ್ಬ ತಜ್ಞರನ್ನು ತಾಲ್ಲೂಕಿಗೆ ನೇಮಿಸುವ ಖರ್ಚು ಒಂದು ರಸ್ತೆಯ ಡಾಂಬರಿಗಿಂತ ಹೆಚ್ಚಾಗದು.

ವೀರಗಲ್ಲು, ಮಾಸ್ತಿಗಲ್ಲು, ತುಂಡು ಶಾಸನಗಳ ವಿಷಯದಲ್ಲಿ ಕಾಯುವುದಕ್ಕೆ ವೇಳೆಯಿಲ್ಲ. ಅವನ್ನೆಲ್ಲ ಎತ್ತಿ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕೆಂಬ ವಾದವಿದೆ. ಅದು ಕೊನೆಯ ದಾರಿಯಾಗಬೇಕು. ಆನೆಕೆರೆಯ ಯುದ್ಧದ ಕಲ್ಲು ಆನೆಕೆರೆಯ ಊರಿನಲ್ಲಿದ್ದಾಗ ಹೇಳುವಷ್ಟನ್ನು ಹಾವೇರಿಯ ಹಜಾರದಲ್ಲಿ ಹೇಳಲಾರದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಅಂಥ ಸ್ಕ್ಯಾನ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಓದಲು ಸಿಗುತ್ತದೆ. ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ ಪದವಿ ಕಾಲೇಜುಗಳಿವೆ, ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ. ತಮ್ಮ ತಮ್ಮ ಊರಿನ ಒಂದೊಂದು ಕಲ್ಲು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾವ ಸಂಪುಟದಲ್ಲಿ ಅದರ ಪಾಠ ಅಚ್ಚಾಗಿದೆ ಎಂದು ದಾಖಲಿಸುವುದನ್ನು ಅವರ ಓದಿನ ಭಾಗವಾಗಿಸಲು ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕು.

ಅದರ ಜೊತೆಗೆ ಪ್ರತಿ ಗ್ರಾಮ ಪಂಚಾಯಿತಿ ತನ್ನ ಊರಿನ ಶಾಸನದ ಪಾಠವನ್ನೂ ಹೊಸಗನ್ನಡದ ತಿಳಿಯಾದ ಸಾರಾಂಶವನ್ನೂ ಫಲಕ ಮಾಡಿಸಿ ಕಲ್ಲಿನ ಪಕ್ಕದಲ್ಲಿ ನಿಲ್ಲಿಸಬೇಕು. ಆಡೂರಿನವರು ತಮ್ಮ ಜಿನಾಲಯದ ದತ್ತಿಯನ್ನು ಓದಲಿ, ಹತ್ತಿಮತ್ತೂರಿನವರು ಕೃಷ್ಣರಾಜನ ಹೆಸರನ್ನು ಓದಲಿ, ಅಬ್ಬಲೂರಿನವರು ರಾಮಯ್ಯನ ಕಥೆಯನ್ನೂ ಸಂಕಗಾವುಂಡನ ಹೆಸರನ್ನೂ ಒಟ್ಟಿಗೆ ಓದಲಿ. ಪಂಚಾಯಿತಿಯ ವಾರ್ಷಿಕ ಆಯವ್ಯಯದಲ್ಲಿ ಗುಡಿಯ ಮಾಳಿಗೆಯ ಸಸಿ ಕೀಳಿಸಲು, ಕೆರೆಯ ಏರಿಯ ಮುಳ್ಳು ಕಡಿಸಲು, ಬಿದ್ದ ವೀರಗಲ್ಲನ್ನು ಎತ್ತಿ ನಿಲ್ಲಿಸಲು ಒಂದು ಬಾಬತ್ತು ತೆರೆಯಬೇಕು. ಅದಕ್ಕೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಹಳೆಯ ಹೆಸರನ್ನೇ ಇಡಬಹುದು. ಹಾವೇರಿ ಜಿಲ್ಲೆಯ ಒಂದು ಪಂಚಾಯಿತಿ ಮುಂದೆ ಬಂದರೂ ಬರುವ ಮಳೆಗಾಲಕ್ಕೆ ಮೊದಲೇ ಈ ಕೆಲಸ ಆರಂಭಿಸಬಹುದು.